ಇಪ್ಪತ್ತಮೂರು ಅಂಕದ ಟಗರು

ಮೇ ತಿಂಗಳ ಆರನೇ ತಾರೀಖು, ಮಂಗಳವಾರ, ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ಲಾವೆಲ್ ಟ್ರೆಂಬತ್‌ನ ಕಾರ್ಡಿನಿಂದ ನೂರ ಐವತ್ತೆರಡು ಡಾಲರ್ ಕಡಿತವಾಗಿತ್ತು.

ಬೇರೆ ಊರಿನಲ್ಲಾದರೆ ಮನುಷ್ಯ ಬ್ಯಾಂಕಿಗೆ ಫೋನ್ ಮಾಡಿ ಜಗಳ ತೆಗೆಯುತ್ತಾನೆ. ಲಾವೆಲ್ ಬನಿಯನ್ನಿನಲ್ಲೇ ಅಂಗಳಕ್ಕೆ ಬಂದು ತನ್ನ ಟ್ರಕ್ಕಿನ ಹಾರ್ನನ್ನು ಒಂದು ನಿಮಿಷ ಒತ್ತಿ ಹಿಡಿದ. ನಮ್ಮ ಟೆನ್‌ಮೈಲ್‌ನಲ್ಲಿರುವುದು ಆರುನೂರ ಹನ್ನೆರಡು ಜನ. ಯಾರೊಬ್ಬರೂ ಏನಾಯಿತು ಎಂದು ಕೇಳಲಿಲ್ಲ. ಯಾರಿಗೆ ಆಯಿತು ಎಂದಷ್ಟೇ ಕಿಟಕಿಯಿಂದ ನೋಡಿದರು. ಮೇ ತಿಂಗಳ ಮೊದಲ ವಾರ ನಮ್ಮ ಊರಿಗೆ ಊರೇ ಬೆಳಕು ಹರಿಯುವ ಮೊದಲು ಎದ್ದು ಕಾರ್ಡಿನ ಲೆಕ್ಕ ನೋಡಿಕೊಳ್ಳುತ್ತಿರುತ್ತದೆ.

ಕಾರಣ ಸರಳವಾಗಿದೆ, ಆದರೆ ನ್ಯಾಯವಾಗಿಲ್ಲ. ಸುರುಳಿ ಕೊಂಬಿನ ಬೆಟ್ಟದ ಟಗರನ್ನು ಬೇಟೆಯಾಡಲು ರಾಜ್ಯದ ವನ್ಯಜೀವಿ ಇಲಾಖೆಯ ಚೀಟಿ ಬೇಕು. ನಮ್ಮ ಬೆಟ್ಟಗಳಿಗೆ ವರ್ಷಕ್ಕೆ ನಾಲ್ಕು ಚೀಟಿ, ಅರ್ಜಿ ಹಾಕುವವರು ಸಾವಿರದ ನಾನೂರಕ್ಕೂ ಹೆಚ್ಚು. ಲಾಟರಿ ಎತ್ತುತ್ತಾರೆ. ಸಿಗದವನಿಗೆ ಸಮಾಧಾನಕ್ಕೆಂದು ಒಂದು ಅಂಕ. ಮುಂದಿನ ವರ್ಷ ಎಷ್ಟು ಅಂಕವೋ ಅಷ್ಟು ಸಲ ಹೆಚ್ಚಾಗಿ ಅವನ ಹೆಸರು ಡಬ್ಬಿಗೆ ಬೀಳುತ್ತದೆ. ಹೊಸಬನ ಹೆಸರು ಒಂದೇ ಸಲ ಬೀಳುತ್ತದೆ. ಐದನೆಯ ಚೀಟಿಯೂ ಒಂದಿದೆ, ಅದನ್ನು ಹರಾಜು ಹಾಕುತ್ತಾರೆ. ಅದನ್ನು ಕೊಂಡವನು ಸ್ವಂತ ವಿಮಾನದಲ್ಲಿ ಬಂದು ಎಲ್ಲಕ್ಕಿಂತ ದೊಡ್ಡ ಟಗರನ್ನು ಹೊಡೆದು ಊಟದ ಹೊತ್ತಿಗೆ ಹೊರಟುಹೋಗುತ್ತಾನೆ. ಆ ಸುದ್ದಿಯನ್ನು ನಾನು ಪ್ರತಿ ವರ್ಷ ಎರಡು ಸಾಲಿನಲ್ಲಿ ಮುಗಿಸುತ್ತೇನೆ.

ಫಲಿತಾಂಶ ಪ್ರಕಟವಾಗುವುದು ಮೇ ಹದಿನೈದಕ್ಕೆ. ಗೆದ್ದವರ ಕಾರ್ಡಿನಿಂದ ಇಲಾಖೆ ಹಣ ತೆಗೆದುಕೊಳ್ಳುವುದು ಮಾತ್ರ ಒಂಬತ್ತು ದಿನ ಮೊದಲೇ. ಏಕೆ ಎಂದು ನಮ್ಮ ವಾರಪತ್ರಿಕೆಯ ಪರವಾಗಿ ಮೂರು ಸಲ ಕೇಳಿದ್ದೇನೆ. ಅದು ಕ್ರಮ ಎಂದು ಮೂರು ಸಲವೂ ಉತ್ತರ ಬಂದಿದೆ. ಆದ್ದರಿಂದ ಕಾರ್ಡಿನಲ್ಲಿ ನೂರ ಐವತ್ತೆರಡು ಹೋಯಿತೆಂದರೆ ಟಗರು ಬಂತು ಎಂದರ್ಥ. ಅದು ತಪ್ಪಿದ ಉದಾಹರಣೆ ಅಲ್ಲಿಯವರೆಗೆ ಇರಲಿಲ್ಲ.

ಲಾವೆಲ್‌ಗೆ ಐವತ್ತೆಂಟು ವರ್ಷ. ಜಿಲ್ಲೆಯ ರಸ್ತೆಗಳ ಹಿಮ ತೆಗೆಯುವುದು, ಉಪ್ಪು ಎರಚುವುದು ಅವನ ನೌಕರಿ. ಇಪ್ಪತ್ತಮೂರು ವರ್ಷ ಅರ್ಜಿ ಹಾಕಿ ಇಪ್ಪತ್ತಮೂರು ಅಂಕ ಕೂಡಿಹಾಕಿದ್ದ. ಎಡ ಮಂಡಿ ಸವೆದಿತ್ತು. ಇನ್ನೊಂದು ಚಳಿಗಾಲ ತಳ್ಳಬಹುದು, ಆಮೇಲೆ ಲೋಹದ ಮಂಡಿ, ಬೆಟ್ಟ ಹತ್ತುವ ಮಾತು ಬಿಡಬೇಕು ಎಂದು ವೈದ್ಯರು ಮಾರ್ಚಿನಲ್ಲಿ ಹೇಳಿದ್ದರು. ಅಂದರೆ ಈ ವರ್ಷ ಇಲ್ಲವಾದರೆ ಇಲ್ಲ.

ಅವನ ಹಟಕ್ಕೆ ಇನ್ನೊಂದು ಕಾರಣವೂ ಇತ್ತು. ಜನವರಿಯಲ್ಲಿ ಅವನು ಎರಚಿದ ಉಪ್ಪನ್ನು ನೆಕ್ಕಲು ಅದೇ ಟಗರುಗಳು ಕೆಟಲ್ ತಿರುವಿನ ರಸ್ತೆಗೆ ಇಳಿಯುತ್ತಿದ್ದವು. ಎಡಗೊಂಬಿನ ತುದಿ ಮುರಿದ ಒಂದು ಮುದಿ ಟಗರಿಗೆ ಅವನು ಕಮಿಷನರ್ ಎಂದು ಹೆಸರಿಟ್ಟಿದ್ದ. ಜಿಲ್ಲೆಯ ಕಮಿಷನರರ ಹಾಗೆ ಅದೂ ರಸ್ತೆಯ ನಡುವೆ ನಿಂತು ಏನೂ ಮಾಡುತ್ತಿರಲಿಲ್ಲ. ಲಾವೆಲ್ ಹಾರ್ನ್ ಹೊಡೆಯುತ್ತಿದ್ದ, ಅದು ಅವನ ಮುಖ ನೋಡುತ್ತಾ ಉಪ್ಪು ನೆಕ್ಕುತ್ತಿತ್ತು. ಹೀಗೆ ಏಳು ಚಳಿಗಾಲ ನಡೆದಿತ್ತು.

ಆರೂಕಾಲು ಗಂಟೆಗೆ ಲಾವೆಲ್ ಕಾಫಿ ಅಂಗಡಿಗೆ ಹೋದ. ಅಲ್ಲಿ ಅವನ ಪಕ್ಕದ ಮನೆಯ ಡ್ವೇನ್ ಕ್ರಿಚ್‌ಫೀಲ್ಡ್ ಮೊಟ್ಟೆ ತಿನ್ನುತ್ತಿದ್ದ. ಡ್ವೇನ್ ನಿವೃತ್ತ ಸರ್ವೇಯರ್. ಅಂಕ ಇಪ್ಪತ್ತಾರು. ಜಿಲ್ಲೆಯಲ್ಲೇ ಹೆಚ್ಚು.

"ನಂದು ಇಪ್ಪತ್ತಾರು. ನಿಂದು ಇಪ್ಪತ್ತಮೂರು," ಎಂದ ಡ್ವೇನ್, ಲಾವೆಲ್ ತೋರಿಸಿದ ಫೋನನ್ನು ಎರಡು ಸಲ ನೋಡಿ. "ನಿನಗೆ ಹೇಗೆ ಬಂತು?"

"ತಾಳ್ಮೆ ಬೇಕು ಡ್ವೇನ್."

"ನನಗೆ ತಾಳ್ಮೆ ಪಾಠ ಹೇಳ್ತೀಯಾ? ನಾನು ಅರ್ಜಿ ಹಾಕೋಕೆ ಶುರು ಮಾಡಿದಾಗ ನೀನಿನ್ನೂ ಹಳ್ಳದಲ್ಲಿ ಮೀನು ಹಿಡೀತಿದ್ದೆ ಕಣೋ."

"ಮೀನು ಹಿಡಿಯೋಕೂ ತಾಳ್ಮೆ ಬೇಕು."

ಡ್ವೇನ್ ಅರ್ಧ ಮೊಟ್ಟೆ ಬಿಟ್ಟು ಎದ್ದ. ಅವನು ಬಾಗಿಲು ಹಾಕಿಕೊಂಡ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ಬಿತ್ತು. ಮನೆಗೆ ಹೋಗಿ ಇಲಾಖೆಗೆ ಹನ್ನೊಂದು ಪುಟದ ದೂರು ಬರೆದ. ಇಪ್ಪತ್ತಾರು ಇಪ್ಪತ್ತಮೂರಕ್ಕಿಂತ ದೊಡ್ಡದು ಎಂಬುದು ಅದರ ಸಾರಾಂಶ. ಮಧ್ಯಾಹ್ನ ಎರಡು ಮನೆಗಳ ನಡುವಿನ ಬೇಲಿಯನ್ನು ಅಳೆದು, ಲಾವೆಲ್‌ನ ಸೌದೆಯ ರಾಶಿ ತನ್ನ ಜಾಗಕ್ಕೆ ನಾಲ್ಕು ಅಂಗುಲ ಬಂದಿದೆ ಎಂದು ಗೂಟ ನೆಟ್ಟ.

ಗುರುವಾರದ ಪತ್ರಿಕೆಯಲ್ಲಿ ನಾನು ಸುದ್ದಿ ಹಾಕಿದೆ: "ಇಪ್ಪತ್ತಮೂರು ವರ್ಷದ ಬಳಿಕ ಟ್ರೆಂಬತ್‌ಗೆ ಟಗರು." ಹಾಕುವ ಮೊದಲು ದಾಖಲೆ ಕೇಳಿದೆ. ಲಾವೆಲ್ ಫೋನ್ ಕೊಟ್ಟ. ಅದರಲ್ಲಿ ಮೊತ್ತವಿತ್ತು, ತಾರೀಖಿತ್ತು, ಇಲಾಖೆಯ ಹೆಸರಿತ್ತು. ಯಾರ ಚೀಟಿಗೆ ಎಂಬುದು ಇರಲಿಲ್ಲ. ನಾನು ಕೇಳಲಿಲ್ಲ.

ಸುದ್ದಿ ಬಂದ ಮೇಲೆ ಜನ ತಮ್ಮ ತಮ್ಮ ಕೆಲಸ ಶುರು ಮಾಡಿದರು. ಹನ್ನೊಂದು ವರ್ಷ ಮಾತು ಬಿಟ್ಟಿದ್ದ ಲಾವೆಲ್‌ನ ಚಿಕ್ಕಪ್ಪನ ಮಗ ಫೋನ್ ಮಾಡಿ, ಮಾತು ಬಿಟ್ಟದ್ದು ತನಗೆ ನೆನಪೇ ಇಲ್ಲವೆಂದೂ ಬೇಟೆಗೆ ತಾನೂ ಬರುವುದಾಗಿಯೂ ಹೇಳಿದ. ರಸ್ತೆ ವಿಭಾಗದ ಮೇಲಧಿಕಾರಿ ಮೂರು ವಾರದ ರಜೆಯನ್ನು ಕೇಳುವ ಮೊದಲೇ ಮಂಜೂರು ಮಾಡಿ, ಮಾಂಸದಲ್ಲಿ ಹಿಂಗಾಲಿನ ಭಾಗ ತನಗೆ ಇಷ್ಟವೆಂದು ತಿಳಿಸಿದರು. ಅಂಚೆಯವಳು ಕೊಂಬಿನ ಅಳತೆ ಎಷ್ಟಿರಬಹುದು ಎಂದು ಕೇಳಿದಳು. ಇನ್ನೂ ಬೆಟ್ಟದ ಮೇಲಿದ್ದ ಟಗರಿನ ಕೊಂಬಿನ ಅಳತೆಯನ್ನು ಲಾವೆಲ್ ಕಾಲಂಗುಲದ ಲೆಕ್ಕದಲ್ಲಿ ಹೇಳಿದ.

ಇಷ್ಟಕ್ಕೇ ನಿಂತಿದ್ದರೆ ಈ ಸಂಗತಿ ಬರೆಯುವಷ್ಟು ದೊಡ್ಡದಾಗುತ್ತಿರಲಿಲ್ಲ. ಶುಕ್ರವಾರ ಸಂಜೆ ನಾಲ್ಕು ಗಂಟೆಗೆ ಲಾವೆಲ್ ಮನೆಯ ಗೋಡೆಯಿಂದ ಗಡಿಯಾರ ಇಳಿಸಿದ.

ಅದು ಅವನ ಅತ್ತೆ ಹಿಲ್ಮಾ ಲುಂಡ್‌ಗ್ರೆನ್ ಅವರ ಗಡಿಯಾರ. ಹಿಲ್ಮಾ ಅವರಿಗೆ ಎಪ್ಪತ್ತೊಂಬತ್ತು. ಗಂಡ ಇರುವಾಗ ಕಣಿವೆಯ ಆಚೆ ಕುರಿಮಂದೆ ಸಾಕಿದ್ದವರು. ಆರು ವರ್ಷದಿಂದ ಮಗಳು ಟ್ವೈಲಾಳ ಜೊತೆ ಈ ಮನೆಯಲ್ಲಿದ್ದರು. ಬರುವಾಗ ತಂದದ್ದು ಎರಡು ಪೆಟ್ಟಿಗೆ, ಒಂದು ಹಳೆಯ ರೈಫಲ್ ಮತ್ತು ಗಂಡ ಮದುವೆಯ ವರ್ಷ ಕೊಂಡ ಆ ಗೋಡೆ ಗಡಿಯಾರ. ಗಂಟೆಗೊಮ್ಮೆ ಬಾರಿಸುತ್ತಿತ್ತು. ಲಾವೆಲ್ ಅದನ್ನು ಗ್ಯಾರೇಜಿಗೆ ಒಯ್ದು ಬಣ್ಣದ ಡಬ್ಬಿಗಳ ಮೇಲೆ ಅಂಗಾತ ಮಲಗಿಸಿದ. ಲೋಲಕದ ಕೊಂಡಿ ಮುರಿಯಿತು.

"ಗಡಿಯಾರ ಎಲ್ಲಿ ಲಾವೆಲ್?" ಎಂದರು ಹಿಲ್ಮಾ, ಖಾಲಿ ಗೋಡೆಯ ಮುಂದೆ ನಿಂತು.

"ಗ್ಯಾರೇಜಲ್ಲಿದೆ ಅತ್ತೆ. ಈ ಜಾಗ ಟಗರಿನ ತಲೆಗೆ ಬೇಕು."

"ಟಗರು ಎಲ್ಲಿದೆ?"

"ಬೆಟ್ಟದಲ್ಲಿದೆ."

"ತಲೆ ಅದರ ಮೈಮೇಲೇ ಇದೆಯಾ?"

"ಸದ್ಯಕ್ಕೆ ಇದೆ."

"ಹಾಗಾದ್ರೆ ಗಡಿಯಾರನೂ ಸದ್ಯಕ್ಕೆ ಗೋಡೆ ಮೇಲೆ ಇರಬಹುದಿತ್ತು."

ಹೀಗೆಂದು ಕೋಣೆಗೆ ಹೋದವರು ಆರು ದಿನ ಅಳಿಯನ ಜೊತೆ ಮಾತಾಡಲಿಲ್ಲ. ಬ್ರೆಡ್ ಬೇಕಾದರೆ ಟ್ವೈಲಾಗೆ ಹೇಳುತ್ತಿದ್ದರು, ಬ್ರೆಡ್ ಲಾವೆಲ್‌ನ ಮೊಣಕೈ ಪಕ್ಕದಲ್ಲೇ ಇದ್ದರೂ. ಟ್ವೈಲಾ ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ನೂರ ಮೂವತ್ತು ಮಕ್ಕಳಿಗೆ ಬಡಿಸಿ ಬಂದು, ಮನೆಯಲ್ಲಿ ಈ ಇಬ್ಬರ ನಡುವೆ ಬ್ರೆಡ್ ದಾಟಿಸಬೇಕಾಯಿತು. ಗೋಡೆ ಕೊರೆಯುವಾಗ ಬಿದ್ದ ಸುಣ್ಣದ ಪುಡಿಯನ್ನು ಅವಳು ಗುಡಿಸಲಿಲ್ಲ. ಮಾಡಿದವನೇ ಗುಡಿಸಲಿ ಎಂದಳು. ಮಾಡಿದವನು ತನ್ನ ರೈಫಲ್ ಒರೆಸುತ್ತಿದ್ದ.

ಭಾನುವಾರ, ಮೇ ಹನ್ನೊಂದು, ತಾಯಂದಿರ ದಿನ. ಅಗ್ನಿಶಾಮಕ ಠಾಣೆಯಲ್ಲಿ ಪ್ರತಿ ವರ್ಷದಂತೆ ತಾಯಂದಿರಿಗೆ ಬೆಳಗಿನ ತಿಂಡಿ. ಲಾವೆಲ್ ಎರಡು ಮಾತಾಡಲಿ ಎಂದು ಯಾರೋ ಅಂದರು. ಅವನು ನಲವತ್ತೊಂದು ನಿಮಿಷ ಮಾತಾಡಿದ. ನಾನು ಗಡಿಯಾರ ನೋಡಿ ಬರೆದುಕೊಂಡಿದ್ದೇನೆ. ವಿಷಯ ತಾಳ್ಮೆ. ಅದೃಷ್ಟ ಎಂಬುದು ಸೋಮಾರಿಗಳ ಮಾತು, ಇರುವುದು ಯೋಗ್ಯತೆ ಮಾತ್ರ ಎಂದ. ಇಪ್ಪತ್ತಾರು ಅಂಕವಿದ್ದೂ ಬಾರದಿದ್ದರೆ ಮನುಷ್ಯ ತನ್ನ ಒಳಗೆ ನೋಡಿಕೊಳ್ಳಬೇಕು ಎಂದ. ಡ್ವೇನ್ ಪ್ಯಾನ್‌ಕೇಕ್ ಮಗುಚುವ ಸಟ್ಟುಗ ಹಿಡಿದು ಒಲೆಯ ಮುಂದೆ ನಿಂತಿದ್ದ. ಆಮೇಲೆ ಆ ಒಲೆಯಿಂದ ಬಂದದ್ದೆಲ್ಲ ಕರಕಲು.

ಕೊನೆಗೆ ಲಾವೆಲ್ ನಮ್ಮ ಊರಿನ ಒಂದು ರೂಢಿಯ ಮೇಲೆ ಬಿದ್ದ. ನಮ್ಮಲ್ಲಿ ಫೆಬ್ರವರಿ ಬಂದರೆ ಮನೆಯಲ್ಲಿ ಉಸಿರಾಡುವ ಎಲ್ಲರ ಹೆಸರಿನಲ್ಲೂ ಹುಲ್ಲೆಯ ಚೀಟಿಗೆ ಅರ್ಜಿ ಬೀಳುತ್ತದೆ. ಅಜ್ಜಿ, ಹೆಂಡತಿ, ಕಣ್ಣು ಕಾಣದ ದೊಡ್ಡಪ್ಪ, ಯಾರನ್ನೂ ಬಿಡುವುದಿಲ್ಲ. ಹುಲ್ಲೆಯ ಚೀಟಿ ಸುಲಭಕ್ಕೆ ಸಿಗುತ್ತದೆ, ಫ್ರೀಜರ್ ತುಂಬುತ್ತದೆ. "ಬೆಟ್ಟ ಯಾವ ದಿಕ್ಕಲ್ಲಿದೆ ಅಂತ ಗೊತ್ತಿಲ್ಲದ ಮುದುಕಿಯರ ಹೆಸರು ಹಾಕಿ ಹಾಕಿ ಲಾಟರೀನ ಹಾಳು ಮಾಡಿಟ್ಟಿದ್ದೀರಿ," ಎಂದ ಲಾವೆಲ್. "ಅಂಥವರ ಅರ್ಜಿ ಹರಿದು ಬಿಸಾಕಬೇಕು."

ಚಪ್ಪಾಳೆ ಬಿತ್ತು. ಟ್ವೈಲಾ ತಟ್ಟೆ ನೋಡುತ್ತಾ ಕೂತಳು, ಮನೆಯಲ್ಲಿ ಅಮ್ಮನ ಹೆಸರಿನಲ್ಲಿ ಹುಲ್ಲೆಗೆ ಅರ್ಜಿ ಹಾಕಿದ್ದು ಅವಳೇ, ಹಾಕು ಎಂದದ್ದು ಲಾವೆಲ್. ಮೊದಲ ಸಾಲಿನಲ್ಲಿದ್ದ ಹಿಲ್ಮಾ ಕರಕಲು ಪ್ಯಾನ್‌ಕೇಕನ್ನು ಚೌಕ ಚೌಕವಾಗಿ ಕತ್ತರಿಸಿ, ಒಂದೊಂದೇ ಚೌಕ ತಿಂದು ಮುಗಿಸಿದರು.

ಮೇ ಹದಿನೈದು, ಗುರುವಾರ. ಬೆಳಿಗ್ಗೆ ಎಂಟಕ್ಕೆ ಲಾವೆಲ್‌ನ ಭಾಷಣದ ಚಿತ್ರವಿದ್ದ ಪತ್ರಿಕೆ ಅಂಗಡಿಗಳಿಗೆ ಹೋಯಿತು. ಹತ್ತಕ್ಕೆ ಫಲಿತಾಂಶ ಪ್ರಕಟವಾಯಿತು. ರಸ್ತೆ ವಿಭಾಗದ ಷೆಡ್ಡಿನಲ್ಲಿ ಒಂಬತ್ತು ಜನ ಒಂದು ಕಂಪ್ಯೂಟರಿನ ಸುತ್ತ ನಿಂತಿದ್ದರು. ಮೇಲಧಿಕಾರಿ ಕೇಕ್ ತಂದಿದ್ದರು. ಪರದೆಯ ಮೇಲೆ ಎರಡು ಸಾಲು ಬಂತು. ಲಾವೆಲ್ ಟ್ರೆಂಬತ್: ಆಯ್ಕೆಯಾಗಿಲ್ಲ. ನಿಮ್ಮ ಈಗಿನ ಅಂಕ: ಇಪ್ಪತ್ತನಾಲ್ಕು.

ಲಾವೆಲ್ ಮತ್ತೆ ಒತ್ತಿದ. ಮತ್ತೆ ಅದೇ ಬಂತು. ಆರು ಸಲ ಒತ್ತಿದ ಮೇಲೆ ಗುಂಡಿಯ ಪ್ಲಾಸ್ಟಿಕ್ ಮುಚ್ಚಳ ಕಿತ್ತು ಬಂತು. ಮೇಲಧಿಕಾರಿ ಕೇಕಿನ ಡಬ್ಬಿಯನ್ನು ನಿಧಾನವಾಗಿ ಮುಚ್ಚಿದರು.

ಇಲಾಖೆಯ ಕಚೇರಿ ಎಪ್ಪತ್ತು ಮೈಲಿ ದೂರ. ಲಾವೆಲ್ ಒಂದು ಗಂಟೆಗೂ ಕಡಿಮೆ ಸಮಯದಲ್ಲಿ ತಲುಪಿದ, ಆ ರಸ್ತೆಯಲ್ಲಿ ಅದು ಕಾನೂನಿನ ಪ್ರಕಾರ ಸಾಧ್ಯವಿಲ್ಲ. ಕೌಂಟರಿನ ಹಿಂದೆ ಕನ್ನಡಕ ಹಾಕಿದ ಗುಮಾಸ್ತೆಯೊಬ್ಬಳಿದ್ದಳು. ಅವಳು ಬಹಳ ಹೊತ್ತು ಹುಡುಕಿ, ಹಣ ಬಂದದ್ದು ಅವನ ಕಾರ್ಡಿನಿಂದಲೇ, ಟಗರಿನ ಚೀಟಿಗೇ, ಆದರೆ ಚೀಟಿ ಅವನದಲ್ಲ ಎಂದಳು.

"ದುಡ್ಡು ನಂದು, ಕಾರ್ಡು ನಂದು. ಟಗರು ಯಾರದು?"

"ಅದು ಗೌಪ್ಯ ಮಾಹಿತಿ, ಟ್ರೆಂಬತ್ ಅವರೇ."

"ನನ್ನ ಕಾರ್ಡಿಂದ ಹೋಗಿದ್ದು ನನಗೇ ಗೌಪ್ಯನಾ?"

"ನಿಮ್ಮ ಕಾರ್ಡು ಗೌಪ್ಯ ಅಲ್ಲ. ಅವರ ಹೆಸರು ಗೌಪ್ಯ."

"ಅವರು ಕಳ್ಳರಾಗಿದ್ರೆ?"

"ಕಳ್ಳರದೂ ಗೌಪ್ಯನೇ. ದೂರು ಕೊಡೋದಾದ್ರೆ ಆ ಫಾರಂ ತಗೊಳ್ಳಿ. ಪೆನ್ನು ಇಲ್ಲೇ ಬಿಟ್ಟು ಹೋಗಿ."

ವಾಪಸು ಬರುವ ಎಪ್ಪತ್ತು ಮೈಲಿಯಲ್ಲಿ ಲಾವೆಲ್ ತೀರ್ಮಾನಕ್ಕೆ ಬಂದಿದ್ದ. ತನ್ನ ಕಾರ್ಡಿನ ಸಂಖ್ಯೆ ಕದ್ದು ಟಗರಿಗೆ ಅರ್ಜಿ ಹಾಕುವಷ್ಟು ಟಗರಿನ ಹುಚ್ಚು, ತನ್ನ ಮೇಲೆ ಹಗೆ ಮತ್ತು ತನ್ನ ಕಿಟಕಿ ಕಾಣುವಷ್ಟು ಹತ್ತಿರದ ಮನೆ, ಈ ಮೂರೂ ಇದ್ದವನು ಒಬ್ಬನೇ. ಮಧ್ಯಾಹ್ನ ಎರಡೂವರೆಗೆ ಅವನು ಟ್ರಕ್ಕನ್ನು ನೇರವಾಗಿ ಡ್ವೇನ್‌ನ ಅಂಗಳಕ್ಕೆ ನುಗ್ಗಿಸಿ, ಬೇಲಿಯ ಗೂಟದ ಮೇಲೇ ನಿಲ್ಲಿಸಿದ.

ಡ್ವೇನ್‌ಗೆ ಅಷ್ಟು ಹೊತ್ತಿಗೆ ತನ್ನ ಫಲಿತಾಂಶ ಬಂದಿತ್ತು. ಅಂಕ ಇಪ್ಪತ್ತೇಳು. ಅವನೂ ಜಗಳಕ್ಕೆ ಒಬ್ಬರನ್ನು ಹುಡುಕುತ್ತಿದ್ದ.

"ನನ್ನ ಟಗರು ಕದ್ದೆಯಲ್ಲೋ," ಎಂದ ಲಾವೆಲ್.

"ನಾನು ಕದ್ದೆನಾ? ಇಡೀ ಊರಿನ ಮುಂದೆ ನಲವತ್ತು ನಿಮಿಷ ನನ್ನ ಮಾನ ಹರಾಜು ಹಾಕಿದೋನು ನೀನು."

"ನಲವತ್ತೊಂದು. ಪೇಪರಲ್ಲಿದೆ."

"ಗೂಟದ ಮೇಲಿಂದ ಗಾಡಿ ತೆಗಿ."

"ಟಗರು ಕೊಡು, ತೆಗೀತೀನಿ."

ಡ್ವೇನ್ ಗ್ಯಾರೇಜಿನಿಂದ ಸರ್ವೇ ಕೋಲು ತಂದ. ಲಾವೆಲ್ ಸೌದೆಯ ರಾಶಿಯಿಂದ ಒಂದು ಸೌದೆ ಎತ್ತಿಕೊಂಡ. ಸರ್ವೇ ಕೋಲು ಹದಿಮೂರು ಅಡಿ ಇದ್ದುದರಿಂದ ಡ್ವೇನ್‌ಗೆ ಅದನ್ನು ತಿರುಗಿಸಲು ಅಂಗಳ ಸಾಲಲಿಲ್ಲ. ಅಷ್ಟರಲ್ಲಿ ಆ ವಲಯದ ಬೇಟೆ ವಾರ್ಡನ್ ಮೈಟೆ ಎಚೆವೆರಿ ತನ್ನ ಹಸಿರು ಟ್ರಕ್ಕಿನಲ್ಲಿ ಬಂದಳು. ಬೇಟೆಯ ವಿಷಯದಲ್ಲಿ ಹೊಡೆದಾಟ ನಡೆಯುತ್ತಿದೆ ಎಂದು ಅಂಚೆಯವಳು ಫೋನ್ ಮಾಡಿದ್ದಳು. ಇಬ್ಬರೂ ಒಬ್ಬರ ಮೇಲೊಬ್ಬರು ಹೇಳುವುದನ್ನು ವಾರ್ಡನ್ ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದಳು. ನಾನೂ ಬರೆದುಕೊಳ್ಳುತ್ತಿದ್ದೆ.

ಆಗ ಪಕ್ಕದ ಮನೆಯ ಜಗಲಿಯಿಂದ ಹಿಲ್ಮಾ ಆರು ದಿನದಲ್ಲಿ ಮೊದಲ ಸಲ ಅಳಿಯನನ್ನು ಮಾತಾಡಿಸಿದರು.

"ಆ ಮನುಷ್ಯನನ್ನ ಬಿಡು ಲಾವೆಲ್. ಚೀಟಿ ನಂದು."

ಅವರ ಕೈಯಲ್ಲಿ ಇಲಾಖೆಯ ಲಕೋಟೆ ಇತ್ತು. ಬೆಳಗಿನ ಅಂಚೆಯಲ್ಲಿ ಬಂದದ್ದು. ವಾರ್ಡನ್ ಬೇಲಿ ದಾಟಿ ಹೋಗಿ ಓದಿದಳು. ಎಲ್ಲ ಸರಿಯಾಗಿತ್ತು. ಬೆಟ್ಟದ ಟಗರು, ಒಂದು. ಹೆಸರು: ಹಿಲ್ಮಾ ಲುಂಡ್‌ಗ್ರೆನ್. ಅಂಕ: ಸೊನ್ನೆ.

ನಡೆದದ್ದು ಇಷ್ಟು. ಫೆಬ್ರವರಿಯಲ್ಲಿ ಟ್ವೈಲಾ ಅಡುಗೆಮನೆಯ ಮೇಜಿನ ಮೇಲೆ ಎಲ್ಲರ ಹೆಸರಿನಲ್ಲೂ ಲಾವೆಲ್‌ನ ಕಾರ್ಡು ಕೊಟ್ಟು ಅರ್ಜಿ ತುಂಬುತ್ತಿದ್ದಳು. ಅಮ್ಮನ ಹುಲ್ಲೆಯ ಅರ್ಜಿ ಮುಗಿಯುವಾಗ ಓವನ್ನಿನಲ್ಲಿ ಬ್ರೆಡ್ ಸೀಯುವ ವಾಸನೆ ಬಂತೆಂದು ಎದ್ದಳು. ಪರದೆಯ ಮೇಲೆ ಬೇರೆ ಪ್ರಾಣಿಗೂ ಅರ್ಜಿ ಹಾಕುವಿರಾ ಎಂಬ ಪ್ರಶ್ನೆಯೂ ಒಂದು ಟಗರಿನ ಚಿತ್ರವೂ ಇದ್ದವು.

"ಚಿತ್ರ ಚೆನ್ನಾಗಿತ್ತು," ಎಂದರು ಹಿಲ್ಮಾ. "ಒತ್ತಿದೆ."

"ಒಂಬತ್ತು ದಿನದಿಂದ ಯಾಕೆ ಹೇಳಲಿಲ್ಲ ಹಿಲ್ಮಾ?" ಎಂದ ಲಾವೆಲ್. ಸಿಟ್ಟು ಮೀರಿದಾಗ ಅವನು ಅತ್ತೆಯನ್ನು ಹೆಸರು ಹಿಡಿದು ಕರೆಯುತ್ತಿದ್ದ.

"ಕಾಗದ ಬಂದಿದ್ದು ಇವತ್ತು. ಮೊದಲೇ ಗೊತ್ತಿದ್ರೂ ಹೇಳ್ತಿರಲಿಲ್ಲ. ಬೆಟ್ಟ ಯಾವ ದಿಕ್ಕಲ್ಲಿದೆ ಅಂತ ಗೊತ್ತಿಲ್ಲದ ಮುದುಕಿ ನಾನು."

ಲಾವೆಲ್ ಸೌದೆಯನ್ನು ನೆಲಕ್ಕೆ ಎಸೆದು ಟ್ರಕ್ಕಿನ ಚಕ್ರಕ್ಕೆ ಒದ್ದ, ಎಡಗಾಲಿನಿಂದ. ಎರಡು ನಿಮಿಷ ಮಂಡಿ ಹಿಡಿದು ಕೂತ ಮೇಲೆ, ಚೀಟಿಯನ್ನು ಮನೆಯ ಇನ್ನೊಬ್ಬರ ಹೆಸರಿಗೆ ಬರೆಸಿಕೊಳ್ಳಬಹುದೇ ಎಂದು ವಾರ್ಡನ್ನನ್ನು ಕೇಳಿದ. ಆಗುವುದಿಲ್ಲ ಎಂದಳು. ಅತ್ತೆಯ ಜೊತೆ ನಿಂತು ತಾನು ಹೊಡೆದರೆ? ಬಂದೂಕು, ಟ್ರಕ್ಕು ಎರಡೂ ಜಪ್ತಿ ಎಂದಳು.

"ನಾನು ಸತ್ತರೆ?" ಎಂದು ಕೇಳಿದರು ಹಿಲ್ಮಾ.

"ಚೀಟಿನೂ ಸಾಯತ್ತೆ ಅಮ್ಮ."

"ಕೇಳಿಸ್ಕೊಂಡೆಯಾ ಲಾವೆಲ್? ಇನ್ನು ಮೆಟ್ಟಿಲ ಮೇಲಿನ ಮಂಜುಗಡ್ಡೆ ಸರಿಯಾಗಿ ತೆಗಿ."

ಮೇ ಇಪ್ಪತ್ತೆರಡರ ಪತ್ರಿಕೆಯಲ್ಲಿ ನಾನು ನಾಲ್ಕು ಸಾಲಿನ ತಿದ್ದುಪಡಿ ಹಾಕಿದೆ. ನಮ್ಮ ಪತ್ರಿಕೆಯಲ್ಲಿ ತಿದ್ದುಪಡಿಯನ್ನು ಓದಲೆಂದೇ ಜನ ಅಂಗಡಿಗೆ ಬಂದದ್ದು ಅದೇ ಮೊದಲು.

ಆ ಸಿಟ್ಟಿನಿಂದ ಒಂದು ಸ್ನೇಹ ಹುಟ್ಟಿತು. ಲಾವೆಲ್ ಮತ್ತು ಡ್ವೇನ್ ಒಂದೇ ಮೇಜಿನ ಮುಂದೆ ಕೂತು, ಹನ್ನೊಂದು ಪುಟದ ದೂರನ್ನು ಹತ್ತೊಂಬತ್ತಕ್ಕೆ ಬೆಳೆಸಿದರು. ಇಬ್ಬರೂ ಸೇರಿ ನಲವತ್ತೊಂಬತ್ತು ಅಂಕ ಕೂಡಿಟ್ಟವರನ್ನು ಬಿಟ್ಟು ಸೊನ್ನೆ ಅಂಕದವರಿಗೆ ಟಗರು ಕೊಟ್ಟ ಈ ಅಂಕ ಪದ್ಧತಿ ಶುದ್ಧ ಅನ್ಯಾಯ, ಇದನ್ನು ಇಲಾಖೆ ಕೂಡಲೇ ಸರಿಪಡಿಸಬೇಕು ಎಂದು ಕೊನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದರು. ಮನೆ ಮನೆಗೆ ಹೋಗಿ ಇನ್ನೂರ ಹದಿನೆಂಟು ಸಹಿ ಮಾಡಿಸಿದರು. ಮೊದಲ ಸಹಿ ಹಿಲ್ಮಾ ಅವರದು. ಅನ್ಯಾಯ ಅಂತ ಬರೆದಿದ್ದಾರೆ, ಅದು ನಿಜ ತಾನೇ ಎಂದರು.

ಇನ್ನು ಲಾವೆಲ್‌ಗೆ ಉಳಿದದ್ದು ಒಂದೇ ಆಸೆ. ಹೊಡೆಯುವುದು ಅತ್ತೆಯಾದರೂ ಬೇಟೆ ತನ್ನದಾಗಬೇಕು. ಇಪ್ಪತ್ತಮೂರು ವರ್ಷ ಗುರುತು ಹಾಕಿದ ನಕ್ಷೆಗಳು ಅವನಲ್ಲಿದ್ದವು. ಕುದುರೆಗಳನ್ನು ಹೇಳಿಟ್ಟಿದ್ದ. ಹನ್ನೊಂದು ಸಾವಿರ ಅಡಿ ಎತ್ತರದಲ್ಲಿ ಡೇರೆ ಹೊಡೆಯುವ ಜಾಗವನ್ನೂ ಗೊತ್ತು ಮಾಡಿದ್ದ. ಮಂಡಿ ಅದೊಂದು ಸಲ ತಡೆದುಕೊಂಡರೆ ಸಾಕಿತ್ತು. ಮೊದಲು ಗಡಿಯಾರ, ಆಮೇಲೆ ಟಗರು ಎಂದರು ಹಿಲ್ಮಾ. ಮುರಿದ ಕೊಂಡಿಯನ್ನು ಯಾವ ಅಂಗಡಿಯಲ್ಲೂ ಮಾರುತ್ತಿರಲಿಲ್ಲ. ಲಾವೆಲ್ ಅದನ್ನು ಅರದಿಂದ ಉಜ್ಜಿ ಉಜ್ಜಿ ತಾನೇ ಮಾಡಿದ, ಮೂರು ವಾರ ಹಿಡಿಯಿತು. ಗಡಿಯಾರ ಹಳೆಯ ಮೊಳೆಗೇ ಬಂತು. ಟಗರಿನ ತಲೆಗೆಂದು ಕೊರೆದ ನಾಲ್ಕು ತೂತು ಅದರ ಸುತ್ತ ಹಾಗೇ ಉಳಿದವು.

ಸೆಪ್ಟೆಂಬರ್ ಒಂದಕ್ಕೆ ಬೇಟೆಯ ಕಾಲ ಶುರುವಾಯಿತು, ಮುಗಿಯುವುದು ಅಕ್ಟೋಬರ್ ಮೂವತ್ತೊಂದಕ್ಕೆ. ಸೆಪ್ಟೆಂಬರ್ ಒಂದರಂದು ಹಿಲ್ಮಾ ಪ್ಲಮ್ ಹಣ್ಣಿನ ಜಾಮ್ ಮಾಡುತ್ತಿದ್ದರು. ಹತ್ತರಂದು ಸೇಬು ಒಣಗಿಸುತ್ತಿದ್ದರು. ಇಪ್ಪತ್ತೈದರಂದು ಲಾವೆಲ್ ನಕ್ಷೆಗಳನ್ನು ಜಾಮ್ ಬಾಟಲಿಗಳ ಮೇಲೇ ಹರಡಿ, ಟಗರುಗಳು ಇರುವುದು ಮೇಲೆ, ಇಲ್ಲಿ ಅಡುಗೆಮನೆಯಲ್ಲಲ್ಲ ಎಂದು ಕೂಗಾಡಿದ.

"ನಲವತ್ತು ವರ್ಷ ಕುರಿ ಕಾಯ್ದಿದ್ದೀನಿ," ಎಂದರು ಹಿಲ್ಮಾ. "ಹಿಮ ಬಿದ್ದರೆ ಅವೇ ಇಳೀತಾವೆ. ನಾನ್ಯಾಕೆ ಹತ್ತಲಿ?"

"ಹಿಮ ಬೀಳದಿದ್ರೆ?"

"ಬೀಳದಿದ್ರೆ ಜಾಮ್ ಇದೆ."

ಅಕ್ಟೋಬರ್ ಇಪ್ಪತ್ತರವರೆಗೆ ಆಕಾಶ ನೀಲಿಯಾಗಿತ್ತು. ಮಂಜೂರಾದ ರಜೆಯ ಎರಡು ವಾರವನ್ನು ಲಾವೆಲ್ ಜಗಲಿಯಲ್ಲಿ ನಿಂತು ಆಕಾಶಕ್ಕೆ ಬಯ್ಯುತ್ತಾ ಕಳೆದ. ಪಕ್ಕದ ಅಂಗಳದಿಂದ ಡ್ವೇನ್ ಅವನಿಗೆ ದನಿಗೂಡಿಸಿದ. ಇಪ್ಪತ್ತಾರರ ಭಾನುವಾರ ಹಿಮ ಬಿತ್ತು.

ಸೋಮವಾರ ಬೆಳಿಗ್ಗೆ ಏಳಕ್ಕೆ ಲಾವೆಲ್‌ನ ಮನೆಯ ಮೂವರೂ ಕೆಟಲ್ ತಿರುವಿಗೆ ಹೋದರು. ಟ್ವೈಲಾ ಬಿಸಿ ಕಾಫಿ ಹಿಡಿದು ಟ್ರಕ್ಕಿನಲ್ಲೇ ಕೂತಳು. ಹಿಲ್ಮಾ ಊರುಗೋಲು ಹಿಡಿದು, ಗಂಡನ ಹಳೆಯ ರೈಫಲ್ ಹೆಗಲಿಗೇರಿಸಿ, ಟಗರುಗಳು ಇಳಿಯುವ ಕಾಲುದಾರಿಯ ಕಡೆ ಮುನ್ನೂರು ಹೆಜ್ಜೆ ನಡೆದರು. ಹಿಂದೆ ಲಾವೆಲ್, ಬಗಲಲ್ಲಿ ಮಡಚುವ ಕುರ್ಚಿ. ಕುರ್ಚಿಯ ಒಂದು ಕಾಲು ಸಡಿಲ. ವಾರ್ಡನ್ ಮೈಟೆ ಎಚೆವೆರಿ ಬಂದು, ಕುರ್ಚಿಯಿಂದ ರಸ್ತೆಯವರೆಗಿನ ದೂರ ಅಳೆದು, ಕಾನೂನಿನಂತೆ ಇದೆ ಎಂದು ಬರೆದುಕೊಂಡು ಹೋದಳು. ಲಾವೆಲ್ ಪಿಸುಮಾತಿನಲ್ಲಿ ಗಾಳಿಯ ದಿಕ್ಕು, ಉಸಿರು ಹಿಡಿಯುವ ರೀತಿ, ಗುರಿಯ ಲೆಕ್ಕ ಹೇಳತೊಡಗಿದ. ಹಿಲ್ಮಾ ಅವನ ಬಾಯಿಗೆ ಒಂದು ಬಿಸ್ಕತ್ತು ಕೊಟ್ಟರು.

ಎಂಟೂ ಇಪ್ಪತ್ತಕ್ಕೆ ಏಳು ಟಗರು ಸಾಲಾಗಿ ಇಳಿದವು. ಕೊನೆಯದಕ್ಕೆ ಎಡಗೊಂಬಿನ ತುದಿ ಇರಲಿಲ್ಲ. ಅದು ಇವರ ಎದುರಿಗೆ ಬಂದು ನಿಂತು, ಏಳು ಚಳಿಗಾಲ ನೋಡಿದ ಹಾಗೇ ಲಾವೆಲ್‌ನ ಮುಖ ನೋಡಿತು. ಹಿಲ್ಮಾ ಒಂದೇ ಗುಂಡು ಹಾರಿಸಿದರು.

ಹೊತ್ತು ತರುವ ಕೆಲಸ ಲಾವೆಲ್‌ನದು. ಹನ್ನೊಂದು ಸಾವಿರ ಅಡಿಯ ಬೆಟ್ಟಕ್ಕೆಂದು ಜೋಪಾನ ಮಾಡಿದ್ದ ಮಂಡಿ ರಸ್ತೆಯ ಪಕ್ಕದ ಮುನ್ನೂರು ಹೆಜ್ಜೆಯಲ್ಲಿ, ನೂರ ಎಂಬತ್ತನೆಯದರ ಹತ್ತಿರ, ಹಿಮದ ಮೇಲೆ ಜಾರಿತು. ಅವನು ಬಿದ್ದಲ್ಲೇ ಕೂತು ಇಲಾಖೆಯನ್ನು ಬಯ್ದದ್ದು ಟ್ರಕ್ಕಿನಲ್ಲಿದ್ದ ಟ್ವೈಲಾಗೆ ಕೇಳಿಸಿತು, ಕಿಟಕಿ ಮುಚ್ಚಿತ್ತು. ಉಳಿದ ಹೊರೆ ತರಲು ಡ್ವೇನ್‌ನನ್ನು ಕರೆಸಬೇಕಾಯಿತು. ಅವನು ಮೊದಲು ಕೊಂಬಿನ ಅಳತೆ ತೆಗೆದ. ಲಾವೆಲ್ ಮೇ ತಿಂಗಳಲ್ಲಿ ಹೇಳಿದ್ದಕ್ಕಿಂತ ಐದೂ ಮುಕ್ಕಾಲು ಅಂಗುಲ ಕಡಿಮೆ ಇತ್ತು. ಅದನ್ನೂ ಪತ್ರಿಕೆಯಲ್ಲಿ ಹಾಕಿ ಎಂದು ನನಗೆ ಹೇಳಿಕಳಿಸಿದ, ಹಾಕಿದೆ.

ನವೆಂಬರಿನಲ್ಲಿ ಲಾವೆಲ್‌ಗೆ ಲೋಹದ ಮಂಡಿ ಬಂತು. ಟಗರಿನ ತಲೆ ಹಿಲ್ಮಾ ಅವರ ಕೋಣೆಯಲ್ಲಿ, ಅವರ ಮಂಚದ ಎದುರಿನ ಗೋಡೆಗೆ ಹೋಯಿತು. ನೋಡಬೇಕಾದವರು ಬಾಗಿಲು ತಟ್ಟಬೇಕು. ಲಾವೆಲ್ ಕ್ರಿಸ್‌ಮಸ್‌ವರೆಗೆ ತಟ್ಟಲಿಲ್ಲ.

ಡಿಸೆಂಬರ್ ಹನ್ನೊಂದರಂದು ಇನ್ನೂರ ಹದಿನೆಂಟು ಸಹಿಯ ದೂರಿಗೆ ಇಲಾಖೆಯಿಂದ ಉತ್ತರ ಬಂತು. ನಾಗರಿಕರು ಎತ್ತಿದ ಆಕ್ಷೇಪಣೆಯನ್ನು ಇಲಾಖೆ ಪರಿಶೀಲಿಸಿದೆ, ಪೂರ್ಣವಾಗಿ ಒಪ್ಪಿದೆ. ಅಂಕ ಪದ್ಧತಿ ಅನ್ಯಾಯವಾದುದರಿಂದ ಅದನ್ನು ರದ್ದು ಮಾಡಲಾಗಿದೆ. ಈವರೆಗೆ ಕೂಡಿದ ಎಲ್ಲರ ಅಂಕಗಳೂ ಜನವರಿ ಒಂದರಿಂದ ಸೊನ್ನೆ. ಗಮನ ಸೆಳೆದ ಶ್ರೀ ಕ್ರಿಚ್‌ಫೀಲ್ಡ್ ಮತ್ತು ಶ್ರೀ ಟ್ರೆಂಬತ್ ಅವರಿಗೆ ಇಲಾಖೆ ಕೃತಜ್ಞವಾಗಿದೆ.

ಈ ಪತ್ರವನ್ನು ನಾನು ಪೂರ್ತಿ ಅಚ್ಚು ಮಾಡಿದೆ. ಇನ್ನೂರ ಹದಿನೆಂಟು ಜನರಲ್ಲಿ ಹಲವರು ಆ ವಾರ ಅವರಿಬ್ಬರ ಮನೆಯ ಮುಂದೆ ಟ್ರಕ್ಕು ನಿಲ್ಲಿಸಿ ಹೇಳಿದ ಮಾತುಗಳನ್ನು ಅಚ್ಚು ಮಾಡಲಾಗುವುದಿಲ್ಲ. ಹದಿನೆಂಟು ಅಂಕವಿದ್ದ ಅಂಚೆಯವಳು ಅವರ ಅಂಚೆಯನ್ನು ನಾಲ್ಕು ದಿನ ತಡ ಮಾಡಿದಳು. ಇಲಾಖೆಯ ಹರಾಜಿನ ಜಾಹೀರಾತು ಮಾತ್ರ ಎಂದಿನಂತೆ ಸಮಯಕ್ಕೆ ಬಂತು, ಐದನೆಯ ಚೀಟಿಗೆ ಯಾವ ಬದಲಾವಣೆಯೂ ಇರಲಿಲ್ಲ.

ಫೆಬ್ರವರಿಯಲ್ಲಿ ಎಲ್ಲರೂ ಮತ್ತೆ ಅರ್ಜಿ ಹಾಕಿದರು. ಟ್ರೆಂಬತ್ ಮನೆಯಲ್ಲಿ ಈ ಸಲ ಒಬ್ಬೊಬ್ಬರಿಗೆ ಒಂದೊಂದು ಕಾರ್ಡು. ಲಾವೆಲ್ ಸೊನ್ನೆ ಅಂಕದೊಂದಿಗೆ ಟಗರಿಗೆ ಹಾಕಿದ, ಲೋಹದ ಮಂಡಿಯ ಮಾತನ್ನು ಯಾರೂ ಎತ್ತಲಿಲ್ಲ. ಟಗರು ಜೀವಮಾನಕ್ಕೆ ಒಂದೇ ಎಂಬ ನಿಯಮವಿರುವುದರಿಂದ ಹಿಲ್ಮಾ ಚಿತ್ರಗಳನ್ನು ನೋಡಿ, ಮೂಸ್ ಎಂಬ ದೊಡ್ಡ ಕಡವೆಯನ್ನು ಒತ್ತಿದರು. ಅದಕ್ಕೆ ಜಿಲ್ಲೆಗೆ ವರ್ಷಕ್ಕೆ ಎರಡೇ ಚೀಟಿ.

ಮೇ ಆರನೇ ತಾರೀಖು, ಬುಧವಾರ, ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ ಆ ಮನೆಯ ಮೂರು ಕಾರ್ಡುಗಳಲ್ಲಿ ಒಂದರಿಂದ ಹಣ ಕಡಿತವಾಗಿತ್ತು. ಹಾರ್ನ್ ಕೇಳಿಸಲಿಲ್ಲ. ಆರು ಗಂಟೆಗೆ ಲಾವೆಲ್ ಗ್ಯಾರೇಜಿಗೆ ಹೋಗಿ, ಮಡಚುವ ಕುರ್ಚಿಯ ಸಡಿಲವಾಗಿದ್ದ ಕಾಲನ್ನು ಬಿಗಿ ಮಾಡಿದ.